ಮನೆಗೆಲ್ಲ ಒಂದೇ ಹಾಲು ಸಾಕಾ? ಹಸುವಿನ ಹಾಲಾ, ಸೋಯಾ–ಓಟ್ಸ್ ಹಾಲಾ?

ಸುಂಟಿಕೊಪ್ಪ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಈಗ ಹಾಲಿನದ್ದೇ ಗಲಾಟೆ. ಮಾವನಿಗೆ ಅರವತ್ತೆಂಟು ವರ್ಷ. ಬೆಳಿಗ್ಗೆ ಖಾಲಿ ಹೊಟ್ಟೆಗೆ ದೊಡ್ಡ ಲೋಟದಲ್ಲಿ ಹಾಲು ಕಾಫಿ ಕುಡಿದರೆ ಹೊಟ್ಟೆ ಉಬ್ಬರ, ಗುಡುಗುಡು, ಆಮೇಲೆ ಓಡಾಟ. ಲ್ಯಾಕ್ಟೋಸ್ ಜೀರ್ಣ ಆಗುತ್ತಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಮಗಳು ಮೈಸೂರಲ್ಲಿ ಓದುತ್ತಿದ್ದಾಳೆ. ಈ ಸಲ ರಜೆಗೆ ಬಂದವಳು ನಾನು ವೀಗನ್ ಆಗಿದ್ದೇನೆ ಅಂದಳು. ಹಾಲು, ಮೊಸರು, ತುಪ್ಪ ಬೇಡ. ಮೊಟ್ಟೆ, ಮೀನು, ಮಾಂಸವೂ ಬೇಡ. ಬಾಣಂತನಕ್ಕೆ ಬಂದ ನಾದಿನಿ ಇನ್ನೂ ಇಲ್ಲೇ ಇದ್ದಾಳೆ, ಮಗುವಿಗೆ ಎಂಟು ತಿಂಗಳು. ಮಗುವಿಗೆ ಹಸುವಿನ ಹಾಲು ಶುರು ಮಾಡೋಣ ಅಂತ ಅತ್ತೆ ದಿನಾ ಹೇಳುತ್ತಾರೆ.

ಮಗಳು ಮಡಿಕೇರಿಯಿಂದ ಓಟ್ಸ್, ಸೋಯಾ, ಬಾದಾಮಿ ಅಂತ ಒಂದೊಂದು ಪ್ಯಾಕೆಟ್ ತಂದಳು. ಬಿಲ್ಲು ನೋಡಿ ಅತ್ತೆ ಮಾತೇ ಆಡಲಿಲ್ಲ. ಸೋಯಾದ್ದನ್ನು ಕಾಫಿಗೆ ಹಾಕಿದರೆ ಒಡೆದು ಬಿಳಿ ಚೂರುಗಳು ತೇಲಿದವು. ಮೂರು ಜನಕ್ಕೂ ಆಗಿ ಬರುವ ಒಂದೇ ಹಾಲು ಇದ್ದರೆ ಹೇಳಿ. ದಿನಾ ಮೂರು ಪಾತ್ರೆ ಒಲೆ ಮೇಲಿಡಲು ನನ್ನಿಂದ ಆಗುವುದಿಲ್ಲ.

ಮಳೆಗಾಲದ ಕೊಡೆ
ಬೆಲ್ಲ ಕಾಫಿ ಕುಡಿಸಿ. ಮುಗಿಯಿತು.

ಗೋಣಿಕೊಪ್ಪ ಗೋಪಾಲಕ
ಅಕ್ಕ, ಪ್ಯಾಕೆಟ್ ಹಾಲು ಬಿಟ್ಟು ನಾಟಿ ಹಸುವಿನ ಹಾಲು ಕೊಟ್ಟು ನೋಡಿ ಅಂತ ಈಗ ಯಾರಾದರೂ ಹೇಳುತ್ತಾರೆ. ಅದಕ್ಕೇ ನಾನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ಕೊಟ್ಟಿಗೆಯಲ್ಲಿ ನಾಟಿ ತಳಿಯ ಮಲೆನಾಡು ಗಿಡ್ಡವೂ ಇದೆ, ಜೆರ್ಸಿ ಕ್ರಾಸೂ ಇದೆ. ಲ್ಯಾಕ್ಟೋಸ್ ಎರಡರಲ್ಲೂ ಇದೆ. ಎಮ್ಮೆ ಹಾಲಲ್ಲೂ ಇದೆ, ಮೇಕೆ ಹಾಲಲ್ಲೂ ಇದೆ. ನಿಮ್ಮ ಮಾವನಿಗೆ ನನ್ನ ಗಿಡ್ಡದ ಹಾಲು ಕೊಟ್ಟರೂ ಹೊಟ್ಟೆ ಗುಡುಗುಡು ಅನ್ನುವುದೇ.

ಎ2 ಅಂತ ಮೂರು ಪಟ್ಟು ದುಡ್ಡಿಗೆ ಮಾರುತ್ತಾರಲ್ಲ, ಅದು ಹಾಲಿನ ಪ್ರೋಟೀನಿನ ವಿಷಯ. ಲ್ಯಾಕ್ಟೋಸ್‌ಗೂ ಅದಕ್ಕೂ ಸಂಬಂಧ ಇಲ್ಲ. 2024ರ ಆಗಸ್ಟಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನವರು ಎ1, ಎ2 ಅಂತ ಪ್ಯಾಕೆಟ್ ಮೇಲೆ ಬರೆಯಬೇಡಿ ಅಂದರು. ಒಂದು ವಾರದೊಳಗೆ ಆ ಸೂಚನೆಯನ್ನು ವಾಪಸ್ ತೆಗೆದುಕೊಂಡರು. ಹಾಗಾಗಿ ಬರೆಯುವವರು ಬರೆಯುತ್ತಲೇ ಇದ್ದಾರೆ. ಗಿಡ್ಡದ ಹಾಲು ರುಚಿ ಅಂತ ಕೊಂಡರೆ ನನಗೆ ಸಂತೋಷ. ಔಷಧಿ ಅಂತ ಕೊಳ್ಳಬೇಡಿ.

ಪಥ್ಯದ ಅಕ್ಕ
ನಾನು ಕುಶಾಲನಗರದವಳು, ಆಹಾರ ಪಥ್ಯದ ಕೆಲಸವನ್ನೇ ಮಾಡುತ್ತೇನೆ. ಸೊಸೆಯವರೇ, ನೀವು ಕೇಳಿದ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆ ಇವೆ. ಮಗುವಿನದ್ದಕ್ಕೆ ತಡ ಮಾಡುವ ಹಾಗಿಲ್ಲ, ಅದನ್ನೇ ಮೊದಲು ಹೇಳುತ್ತೇನೆ.

ಒಂದು ವರ್ಷ ತುಂಬುವವರೆಗೆ ಮಗುವಿಗೆ ಕುಡಿಯಲು ಹಸುವಿನ ಹಾಲು ಬೇಡ. ಸೋಯಾ, ಓಟ್ಸ್, ಬಾದಾಮಿಯಂತೂ ಬೇಡವೇ ಬೇಡ. ತಾಯಿ ಹಾಲು, ಅದು ಸಾಲದಿದ್ದರೆ ಡಾಕ್ಟರು ಹೇಳಿದ ಫಾರ್ಮುಲಾ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಮ್ಮಿ. ಪ್ರೋಟೀನ್ ಮತ್ತು ಉಪ್ಪಿನಂಶ ಎಳೆ ಮೂತ್ರಪಿಂಡಕ್ಕೆ ಜಾಸ್ತಿ. ಹೊಟ್ಟೆ ತುಂಬ ಅದನ್ನೇ ಕುಡಿದರೆ ಮಗುವಿಗೆ ರಕ್ತಹೀನತೆ ಬರುತ್ತದೆ. ರಾಗಿ ಸರಿಗೆ ಒಂದು ಚಮಚ ಹಾಲು, ಅನ್ನಕ್ಕೆ ಸ್ವಲ್ಪ ಮೊಸರು, ಇದಕ್ಕೆ ತೊಂದರೆ ಇಲ್ಲ. ಬಾಟಲಿಯಲ್ಲಿ ಹಾಕಿ ಕುಡಿಸುವುದು ಬೇಡ. ಅತ್ತೆಯವರಿಗೆ ಸಮಾಧಾನವಾಗಿ ಹೇಳಿ. ಅವರ ಕಾಲದಲ್ಲಿ ಎಲ್ಲರೂ ನೀರು ಬೆರೆಸಿ ಕೊಡುತ್ತಿದ್ದರು, ಅವರು ಸುಮ್ನೆ ಹೇಳುತ್ತಿಲ್ಲ.

ವರ್ಷ ತುಂಬಿದ ಮೇಲೆ ಕೆನೆ ತೆಗೆಯದ ಹಾಲು ಕೊಡಬಹುದು. ಹಾಲು ಕುಡಿದ ಕೂಡಲೇ ಮೈಮೇಲೆ ದದ್ದು, ವಾಂತಿ, ಮಲದಲ್ಲಿ ರಕ್ತ, ಇಂಥದ್ದು ಕಂಡರೆ ಅದು ಅಲರ್ಜಿ ಇರಬಹುದು. ಮಾವನವರ ತೊಂದರೆಗೂ ಅದಕ್ಕೂ ಸಂಬಂಧ ಇಲ್ಲ, ಸೀದಾ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು.

ಮಾವನವರ ವಿಷಯ ರಾತ್ರಿ ಬರೆಯುತ್ತೇನೆ, ಈಗ ಡ್ಯೂಟಿ.

ಬೆಂಗಳೂರಲ್ಲಿರೋ ಕೊಡಗಿನವ
ಮಗಳಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ ಅಕ್ಕ. ನಾನೂ ಹಾಲು ಬಿಟ್ಟವನೇ. ಪರಿಸರದ ಲೆಕ್ಕ ಯಾರೂ ಹೇಳಲಿಲ್ಲವಲ್ಲ, ನಾನು ಹೇಳುತ್ತೇನೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜಗತ್ತಿನ ಸುಮಾರು 38,700 ಜಮೀನುಗಳ ಮಾಹಿತಿ ಸೇರಿಸಿ ಮಾಡಿದ ದೊಡ್ಡ ಅಧ್ಯಯನ ಬಂತು. ಅದರ ಸರಾಸರಿಯಲ್ಲಿ ಒಂದು ಲೀಟರ್ ಹಸುವಿನ ಹಾಲಿಗೆ ಸುಮಾರು 3.2 ಕಿಲೋ ಇಂಗಾಲ (ಮೀಥೇನನ್ನೂ ಸೇರಿಸಿ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ), 628 ಲೀಟರ್ ನೀರು. ಸೋಯಾಕ್ಕೆ 1 ಕಿಲೋ, 28 ಲೀಟರ್. ಓಟ್ಸಿಗೆ 0.9 ಕಿಲೋ, 48 ಲೀಟರ್. ಇಂಗಾಲ ಮೂರು ಪಟ್ಟು ಜಾಸ್ತಿ!

ಗೋಣಿಕೊಪ್ಪ ಗೋಪಾಲಕ
ತಮ್ಮಾ, ಜಗತ್ತಿನ ಸರಾಸರಿ ಹಸು ನನ್ನ ಕೊಟ್ಟಿಗೆಯಲ್ಲಿ ಇಲ್ಲ. ನಮ್ಮದು ಮಳೆ ನೀರಿನ ಹುಲ್ಲು, ಗದ್ದೆಯ ಒಣಹುಲ್ಲು, ತೋಟದ ಕಳೆ ತಿನ್ನುತ್ತದೆ. ಸಗಣಿ ಕಾಫಿಗೂ ಮೆಣಸಿನ ಬಳ್ಳಿಗೂ ಹೋಗುತ್ತದೆ. ಅದನ್ನು ಬಿಟ್ಟರೆ ನಾನು ಗೊಬ್ಬರದ ಚೀಲ ತರಬೇಕು. ಆ ಚೀಲದ ಇಂಗಾಲ ಯಾರ ಲೆಕ್ಕಕ್ಕೆ? ನಿನ್ನ ಬಾದಾಮಿ ಎಲ್ಲಿಂದ ಬಂತು, ಅದನ್ನೂ ಹೇಳು.

ಬೆಂಗಳೂರಲ್ಲಿರೋ ಕೊಡಗಿನವ
ಬಾದಾಮಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ ಅಣ್ಣ. ಜಗತ್ತಿನ ಬಾದಾಮಿಯ ಬಹುಪಾಲು ಕ್ಯಾಲಿಫೋರ್ನಿಯಾದ್ದು. ಒಂದು ಲೀಟರಿಗೆ 371 ಲೀಟರ್ ನೀರು, ಅದೂ ಮಳೆ ಇಲ್ಲದ ಊರಿನ ನೀರು. ನಾನು ಅದನ್ನು ಕೊಳ್ಳುವುದಿಲ್ಲ. ನೀರಿನ ಲೆಕ್ಕದಲ್ಲಿ ಕೊಡಗಿನ ಹಸುವಿಗೆ ವಿನಾಯಿತಿ ಕೊಡೋಣ. ಆದರೆ ಮೀಥೇನ್ ಲೆಕ್ಕ ಉಲ್ಟಾ ಹೋಗುತ್ತದೆ ನೋಡಿ. ಹೊತ್ತಿಗೆ ಲೀಟರ್, ಒಂದೂವರೆ ಲೀಟರ್ ಕೊಡುವ ಗಿಡ್ಡವೂ ದಿನವಿಡೀ ಮೆಲುಕು ಹಾಕಿ ಮೀಥೇನ್ ಬಿಡುತ್ತದೆ. ಲೀಟರಿಗೆ ಹಂಚಿದರೆ ಜಾಸ್ತಿ ಹಾಲು ಕೊಡುವ ಹಸುವಿಗಿಂತ ಗಿಡ್ಡದ್ದೇ ಹೆಚ್ಚು. ನಾಟಿ ಅಂದ ಕೂಡಲೇ ಎಲ್ಲ ಲೆಕ್ಕದಲ್ಲೂ ಒಳ್ಳೆಯದು ಅಂತ ಆಗುವುದಿಲ್ಲ.

ಇನ್ನೊಂದು, ಗಂಡು ಕರು ಹುಟ್ಟಿದರೆ ಏನು ಮಾಡುತ್ತೀರಿ? ವೀಗನ್ ಆದವರು ಮೊದಲು ಕೇಳುವುದೇ ಇದನ್ನು.

ಗೋಣಿಕೊಪ್ಪ ಗೋಪಾಲಕ
ಮೀಥೇನ್ ಮಾತು ಇರಲಿ, ಹಂಚಿದರೆ ಹಾಗೆ ಬರುತ್ತದೆ, ಒಪ್ಪಿದೆ. ಗಂಡು ಕರುವಿನ ಪ್ರಶ್ನೆ ಕಷ್ಟದ್ದೇ. ಮೊದಲು ಉಳುಮೆಗೆ ಎತ್ತು ಬೇಕಿತ್ತು. ಈಗ ಟಿಲ್ಲರ್ ಬಂದಿದೆ, ಅರ್ಧ ಗದ್ದೆ ಪಾಳು ಬಿದ್ದಿದೆ. ಹೊಸ ಗೋಹತ್ಯೆ ಕಾಯ್ದೆ ಬಂದ ಮೇಲೆ ಮಾರುವ ದಾರಿಯೂ ಇಲ್ಲ. ಹೆಣ್ಣು ಕರುವೇ ಹುಟ್ಟುವ ಹಾಗೆ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಸಿಗುತ್ತದೆ. ನಾನು ಕ್ರಾಸ್ ಹಸುವಿಗೆ ಅದನ್ನೇ ಹಾಕಿಸುತ್ತೇನೆ. ಹುಟ್ಟಿದ ಗಂಡು ಕರುವನ್ನು ಸಾಕುತ್ತೇನೆ, ಮೇವಿನ ಖರ್ಚು ನನ್ನದೇ. ನಮ್ಮ ಕಡೆ ಬಾಳೆಲೆ, ಶ್ರೀಮಂಗಲ, ಕುಟ್ಟದಲ್ಲಿ ಇನ್ನೊಂದು ಪಾಡು. ಹೊಲದಲ್ಲಿ ಕಟ್ಟಿದ ಹಸುವನ್ನು ಹುಲಿ ಹಿಡಿದರೆ ಪರಿಹಾರಕ್ಕೆ ಅರ್ಜಿ, ಫೋಟೋ, ಮಹಜರು ಅಂತ ಅಲೆಯಬೇಕು. ಎಷ್ಟೋ ಜನ ಇದೇ ಕಾರಣಕ್ಕೆ ಕೊಟ್ಟಿಗೆ ಖಾಲಿ ಮಾಡಿದ್ದಾರೆ. ಹಾಲು ಬಿಡಿ ಅಂತ ನೀವು ಹೇಳುವ ಮೊದಲೇ ಹುಲಿ ಬಿಡಿಸುತ್ತಿದೆ.

ನಿರ್ವಾಹಕ
ಗೋಹತ್ಯೆ ಕಾಯ್ದೆಯ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಹಾಲಿನ ಮಾತಷ್ಟೇ ಇರಲಿ.

ಕಾಫಿ ಹುರಿಯೋವ
ಒಡೆದ ಕಾಫಿಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ! ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮ ಕೊಡಗು. ಇಲ್ಲೇ ಕಾಫಿ ಒಡೆದರೆ ನಾಚಿಕೆ ಅಲ್ವಾ?

ಡಿಕಾಕ್ಷನ್ ಹುಳಿ. ಸೋಯಾ ಪ್ರೋಟೀನಿಗೆ ಹುಳಿಯೂ ಬಿಸಿಯೂ ಒಟ್ಟಿಗೆ ತಗುಲಿದರೆ ಗಂಟು ಕಟ್ಟುತ್ತದೆ. ಟೋಫು ಮಾಡುವಾಗಲೂ ಹುಳಿಯನ್ನೋ ಕ್ಯಾಲ್ಸಿಯಂ ಲವಣವನ್ನೋ ಹಾಕಿಯೇ ಒಡೆಯುವುದು. ಕ್ಯಾಲ್ಸಿಯಂ ಸೇರಿಸಿದ ಸೋಯಾ ಪ್ಯಾಕೆಟ್ ಇನ್ನೂ ಬೇಗ ಒಡೆಯುತ್ತದೆ. ಅರೇಬಿಕಾ, ಅದರಲ್ಲೂ ಕಮ್ಮಿ ಹುರಿದದ್ದು, ಹುಳಿ ಜಾಸ್ತಿ. ರೊಬಸ್ಟಾದಲ್ಲಿ ಹುಳಿ ಕಮ್ಮಿ. ನಿಮ್ಮ ಮನೆಯಲ್ಲಿ ಯಾವುದು ಅಂತ ಗೊತ್ತಿಲ್ಲ. ರೊಬಸ್ಟಾ ಜಾಸ್ತಿ ಇರುವ, ಚೆನ್ನಾಗಿ ಹುರಿದ ಪುಡಿ ತಗೊಳ್ಳಿ.

ಹಾಕುವ ಕ್ರಮ ಹೀಗಿರಲಿ. ಡಿಕಾಕ್ಷನ್ ಇಳಿಸಿ ಒಂದೆರಡು ನಿಮಿಷ ಬಿಡಿ. ಸೋಯಾ ಹಾಲನ್ನು ಬೇರೆ ಪಾತ್ರೆಯಲ್ಲಿ ಹಬೆ ಏಳುವಷ್ಟು ಬಿಸಿ ಮಾಡಿ, ಕುದಿಸಬೇಡಿ. ಆಮೇಲೆ ಹಾಲಿಗೆ ಡಿಕಾಕ್ಷನ್ ಸುರಿಯಿರಿ, ಸಣ್ಣಗೆ, ಕದಡುತ್ತಾ. ಫ್ರಿಜ್ಜಿನ ತಣ್ಣನೆ ಸೋಯಾಕ್ಕೆ ಕುದಿ ಡಿಕಾಕ್ಷನ್ ಹೊಯ್ದರೆ ನೂರಕ್ಕೆ ನೂರು ಒಡೆಯುತ್ತದೆ. ಓಟ್ಸ್ ಅಷ್ಟು ಕಾಟ ಕೊಡುವುದಿಲ್ಲ. ‘ಬರಿಸ್ಟಾ’ ಅಂತ ಬರೆದ ಪ್ಯಾಕೆಟ್ಟಿಗೆ ಹುಳಿ ತಡೆಯುವ ಲವಣ ಸೇರಿಸಿರುತ್ತಾರೆ, ಅದಕ್ಕೇ ಅದು ಒಡೆಯುವುದಿಲ್ಲ, ಅದಕ್ಕೇ ದುಬಾರಿ. ಬಾದಾಮಿ ಹಾಲನ್ನು ಕಾಫಿಗೆ ಹಾಕಿದರೆ ನೀರು ಕಾಫಿಯೇ, ಹಾಕದಿದ್ದರೆ ಏನೂ ನಷ್ಟ ಇಲ್ಲ. ತೆಂಗಿನ ಹಾಲು ಹಾಕಬೇಡಿ, ಎಣ್ಣೆ ಮೇಲೆ ತೇಲುತ್ತದೆ, ಕಾಫಿಯ ಪರಿಮಳವೂ ಹೋಗುತ್ತದೆ.

ಮಳೆಗಾಲದ ಕೊಡೆಯವರ ಮಾತು ತಮಾಷೆ ಅಂತ ಬಿಡಬೇಡಿ. ಬೆಲ್ಲ ಕಾಫಿಗೆ ಯಾವ ಹಾಲೂ ಬೇಡ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ ಇಳಿಸಿ, ಮುಚ್ಚಿಟ್ಟು, ಗಸಿ ತಳಕ್ಕೆ ಕೂತ ಮೇಲೆ ಸೋಸಿ. ಆಷಾಢದ ಮಳೆಯಲ್ಲಿ ಎರಡು ಕಾಳು ಮೆಣಸು ಜಜ್ಜಿ ಹಾಕಿ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಎಷ್ಟೋ ಜನ ಕುಡಿಯುವುದು ಇದನ್ನೇ.

ಸುಂಟಿಕೊಪ್ಪ ಸೊಸೆ
ಕಾಫಿಯವರೇ, ನಮ್ಮದು ಅರೇಬಿಕಾನೇ! ಮನೆ ಹಿಂದಿನ ತೋಟದ್ದು. ಬೆಲ್ಲ ಕಾಫಿ ಮಾವನಿಗೆ ಇಷ್ಟ. ಆದರೆ ಸಕ್ಕರೆ ಕಾಯಿಲೆ ಗಡಿಯಲ್ಲಿದೆ ಅಂದಿದ್ದಾರೆ.

ಕಾಫಿ ಹುರಿಯೋವ
ಹಾಗಿದ್ದರೆ ಬೆಲ್ಲ ಬಿಟ್ಟು ಬರೀ ಡಿಕಾಕ್ಷನ್. ಬೆಲ್ಲವೂ ಸಕ್ಕರೆಯೇ, ಬಣ್ಣ ನೋಡಿ ಮೋಸ ಹೋಗಬೇಡಿ.

ಪಥ್ಯದ ಅಕ್ಕ
ಮಾವನವರ ವಿಷಯಕ್ಕೆ ಬರುತ್ತೇನೆ. ಗಡಿಯ ಸಕ್ಕರೆ ಇದೆ ಅಂತ ಈಗ ಗೊತ್ತಾಯಿತು, ಹಾಗಿದ್ದರೆ ಓಟ್ಸ್ ಹಾಲು ಅವರಿಗೆ ಬೇಡ. ಅದನ್ನು ಮಾಡುವಾಗ ಕಿಣ್ವ ಹಾಕಿ ಓಟ್ಸಿನ ಪಿಷ್ಟವನ್ನು ಒಡೆಯುತ್ತಾರೆ, ಅದು ಮಾಲ್ಟೋಸ್ ಅನ್ನುವ ಸಕ್ಕರೆ ಆಗುತ್ತದೆ. ‘ಸಕ್ಕರೆ ಸೇರಿಸಿಲ್ಲ’ ಅಂತ ಮುಂದೆ ಬರೆದಿರುತ್ತದೆ, ಕುಡಿದರೆ ಸಿಹಿ ಇರುತ್ತದೆ. ಪ್ಯಾಕೆಟ್ ತಿರುಗಿಸಿ ಹಿಂದಿನ ಕೋಷ್ಟಕ ಓದಿ.

ಲ್ಯಾಕ್ಟೋಸ್ ಅನ್ನುವುದು ಹಾಲಿನ ಸಕ್ಕರೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಅನ್ನುವ ಕಿಣ್ವ ಚಿಕ್ಕಂದಿನಲ್ಲಿ ಎಲ್ಲರಿಗೂ ಇರುತ್ತದೆ. ಬೆಳೆಯುತ್ತಾ ಬಹಳ ಜನರಿಗೆ ಕಮ್ಮಿಯಾಗುತ್ತದೆ, ಉತ್ತರ ಭಾರತಕ್ಕಿಂತ ನಮ್ಮ ದಕ್ಷಿಣದವರಿಗೆ ಜಾಸ್ತಿ. ಇದು ರೋಗ ಅಲ್ಲ. ಒಂದೇ ಒಂದು ತೊಟ್ಟೂ ಆಗದು ಅಂತಲೂ ಅಲ್ಲ. ಹೆಚ್ಚಿನವರು ಒಂದು ಲೋಟ ಹಾಲನ್ನು ಊಟದ ಜೊತೆ, ಸ್ವಲ್ಪ ಸ್ವಲ್ಪವಾಗಿ ಕುಡಿದರೆ ತಡೆದುಕೊಳ್ಳುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ದೊಡ್ಡ ಲೋಟ ಕಾಫಿ ಅಂದಿರಲ್ಲ, ಅದೇ ತೊಂದರೆ ಕೊಡುತ್ತಿರಬಹುದು. ತಿಂಡಿ ಆದ ಮೇಲೆ ಚಿಕ್ಕ ಲೋಟದಲ್ಲಿ ಕೊಟ್ಟು ನೋಡಿ.

ಮೊಸರು, ಮಜ್ಜಿಗೆ ಬಿಡಿಸಬೇಡಿ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ಆಗಲೇ ತಿಂದಿರುತ್ತದೆ, ಉಳಿದದ್ದನ್ನು ಅರಗಿಸಲೂ ಸಹಾಯ ಮಾಡುತ್ತದೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ ಅನ್ನಬಹುದು. ಲ್ಯಾಕ್ಟೋಸ್ ಇಲ್ಲದ ಹಾಲು ಅಂತಲೇ ಪ್ಯಾಕೆಟ್ ಸಿಗುತ್ತದೆ, ಅದೂ ಹಸುವಿನ ಹಾಲೇ, ಕಿಣ್ವ ಹಾಕಿರುತ್ತಾರೆ. ಅದಕ್ಕೇ ಸ್ವಲ್ಪ ಸಿಹಿ ಅನ್ನಿಸುತ್ತದೆ. ಹಬ್ಬದ ದಿನ ಪಾಯಸ ತಿನ್ನಲೇಬೇಕು ಅಂತಿದ್ದರೆ ಲ್ಯಾಕ್ಟೇಸ್ ಮಾತ್ರೆಯೂ ಇದೆ, ಡಾಕ್ಟರನ್ನು ಕೇಳಿ.

ಅಂದರೆ ಮಾವನಿಗೆ ಸೋಯಾ, ಓಟ್ಸ್, ಬಾದಾಮಿ ಯಾವುದೂ ಬೇಕಾಗಿಲ್ಲ. ಮೊಸರು ತಿನ್ನುತ್ತಾರೆ, ಮೀನು ತಿನ್ನುತ್ತಾರೆ ಅಲ್ವಾ? ಮತ್ತಿ (ಬೂತಾಯಿ) ಮೀನನ್ನು ಮೆತ್ತಗೆ ಬೇಯಿಸಿ ಮುಳ್ಳಿನ ಸಮೇತ ತಿಂದರೆ ಕ್ಯಾಲ್ಸಿಯಂ ಬಂದೇ ಬಂತು.

ನಾಪೋಕ್ಲು ನೆರೆಮನೆ
ನನಗೆ ಥೈರಾಯ್ಡ್ ಮಾತ್ರೆ ಇದೆ. ಸೋಯಾ ಮುಟ್ಟಬಾರದು ಅಂತ ಓದಿದೆ. ನಿಜವಾ? ಗಂಡಸರು ಸೋಯಾ ಕುಡಿಯಬಾರದು ಅಂತಲೂ ನಮ್ಮನೆಯವರು ಹೇಳುತ್ತಾರೆ.

ಪಥ್ಯದ ಅಕ್ಕ
ಮುಟ್ಟಬಹುದು. ಮಾತ್ರೆ ಜೊತೆ ಬೇಡ. ಸೋಯಾ, ಹಾಲು, ಕ್ಯಾಲ್ಸಿಯಂ ಮಾತ್ರೆ, ಕಾಫಿ, ಇವೆಲ್ಲವೂ ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಖಾಲಿ ಹೊಟ್ಟೆಗೆ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಇರಲಿ. ಸೋಯಾ ಹೊಸದಾಗಿ ದಿನಾ ಶುರು ಮಾಡಿದರೆ ಡಾಕ್ಟರಿಗೆ ತಿಳಿಸಿ. ಗಂಡಸರ ಮಾತು ಸುಳ್ಳು. ದಿನಕ್ಕೆ ಒಂದೆರಡು ಲೋಟ ಸೋಯಾ ಹಾಲಿನಿಂದ ಗಂಡಸರ ಹಾರ್ಮೋನಿಗೆ ಏನೂ ಆಗುವುದಿಲ್ಲ.

ಶನಿವಾರಸಂತೆ ಡೈರಿ
ನಾನು ನಮ್ಮೂರ ಹಾಲು ಸಂಘದಲ್ಲಿ ಕೆಲಸ ಮಾಡುವವನು. ಬೆಲೆಯ ಬಗ್ಗೆ ಒಂದು ಮಾತು. 2025ರ ಏಪ್ರಿಲ್ 1ರಿಂದ ನಂದಿನಿ ನೀಲಿ ಪ್ಯಾಕೆಟ್ ಲೀಟರಿಗೆ 46 ರೂಪಾಯಿ ಆಯಿತು. ಜನ ಬಾಯಿಗೆ ಬಂದ ಹಾಗೆ ಬೈದರು. ಓಟ್ಸ್ ಹಾಲಿಗೆ ಲೀಟರಿಗೆ ಇನ್ನೂರು ಮುನ್ನೂರು ಕೊಡುವಾಗ ಯಾರೂ ಬೈಯುವುದಿಲ್ಲ. ಅದರಲ್ಲಿ ಇರುವುದು ನೀರು, ನೂರಕ್ಕೆ ಹತ್ತರಷ್ಟು ಓಟ್ಸ್, ಸ್ವಲ್ಪ ಎಣ್ಣೆ, ಉಪ್ಪು. ಬಾದಾಮಿಯದ್ದು ಇನ್ನೂ ಮಜಾ. ಕೆಲವು ಪ್ಯಾಕೆಟ್ಟಿನಲ್ಲಿ ಬಾದಾಮಿ ನೂರಕ್ಕೆ ಎರಡೋ ಮೂರೋ ಅಷ್ಟೇ.

ನಮ್ಮಲ್ಲಿ ರೈತ ತಂದ ಹಾಲಿಗೆ ಡಿಗ್ರಿ ನೋಡಿ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡಿ ದುಡ್ಡು. ಒಂದು ಪಾಯಿಂಟ್ ಕಮ್ಮಿ ಬಂದರೂ ಅವನಿಗೆ ಹೊಡೆತ. ಸರ್ಕಾರದ ಪ್ರೋತ್ಸಾಹಧನ ಬೇರೆ, ಅದು ಬರುವಾಗ ಬರುತ್ತದೆ. ಕರ್ನಾಟಕದ ಮೊದಲ ಡೈರಿ 1955ರಲ್ಲಿ ಶುರುವಾದದ್ದು ನಮ್ಮ ಕೂಡಿಗೆಯಲ್ಲಿ, ಅದು ಎಷ್ಟು ಜನಕ್ಕೆ ಗೊತ್ತು? ಈಗ ಹಾಸನ ಒಕ್ಕೂಟದ ಕೆಳಗೆ ನಾವಿದ್ದೇವೆ. ವೀಗನ್ ಆಗುವವರು ಆಗಲಿ, ಅದು ಅವರ ಮನಸ್ಸು. ಹಾಲು ವಿಷ ಅಂತ ಮಾತ್ರ ಪೋಸ್ಟ್ ಹಾಕಬೇಡಿ.

ಬೆಂಗಳೂರಲ್ಲಿರೋ ಕೊಡಗಿನವ
ವಿಷ ಅಂತ ನಾನು ಅಂದಿಲ್ಲ ಅಣ್ಣ. ಬೆಲೆಯ ಮಾತು ಸರಿ. ಅದಕ್ಕೇ ನಾನು ಮನೆಯಲ್ಲೇ ಸೋಯಾ ಹಾಲು ಮಾಡುತ್ತೇನೆ. ಒಂದು ಕಿಲೋ ಕಾಳಿಗೆ ಏಳೆಂಟು ಲೀಟರ್ ಬರುತ್ತದೆ, ಲೀಟರಿಗೆ ನಿಮ್ಮ ನೀಲಿ ಪ್ಯಾಕೆಟ್ಟಿಗಿಂತ ಕಮ್ಮಿ ಬೀಳುತ್ತದೆ. ಅಕ್ಕ, ಮಗಳಿಗೆ ಇದನ್ನು ಕಲಿಸಿ, ಅವಳೇ ಮಾಡಿಕೊಳ್ಳಲಿ.

ರಾತ್ರಿ ನೆನೆಸಿಡಿ. ಬೆಳಿಗ್ಗೆ ಕೈಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ, ನೀರು ಹೊಯ್ದು ತೇಲಿಸಿ ತೆಗೆಯಿರಿ. ಹಸಿ ವಾಸನೆ ಬರಬಾರದು ಅಂದರೆ ತಣ್ಣೀರಿನಲ್ಲಿ ರುಬ್ಬಬೇಡಿ. ಕುದಿಯುವ ನೀರಿಗೆ ಕಾಳು ಹಾಕಿ ಐದು ನಿಮಿಷ ಬಿಟ್ಟು, ಆ ಬಿಸಿಯಲ್ಲೇ ರುಬ್ಬಿ. ವಾಸನೆ ಹುಟ್ಟಿಸುವ ಕಿಣ್ವ ಬಿಸಿಗೆ ಸಾಯುತ್ತದೆ. ಮಿಕ್ಸಿಯ ಮುಚ್ಚಳ ಬಿಗಿಯಾಗಿ ಹಾಕಬೇಡಿ, ಹಬೆಗೆ ಹಾರುತ್ತದೆ. ಪಂಚೆ ಬಟ್ಟೆಯಲ್ಲಿ ಹಿಂಡಿ. ಹಿಂಡಿದ ಹಾಲನ್ನು ಮತ್ತೆ ಹದಿನೈದು ಇಪ್ಪತ್ತು ನಿಮಿಷ ಕುದಿಸಲೇಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣ ಆಗದ ಹಾಗೆ ತಡೆಯುವ ಅಂಶ ಇದೆ, ಕುದಿಸಿದರೆ ಹೋಗುತ್ತದೆ. ತಳ ಬೇಗ ಹಿಡಿಯುತ್ತದೆ, ನೊರೆ ಒಮ್ಮೆಲೇ ಉಕ್ಕುತ್ತದೆ, ಒಲೆ ಬಿಟ್ಟು ಫೋನ್ ನೋಡಲು ಹೋಗಬೇಡಿ. ಚಿಟಿಕೆ ಉಪ್ಪು, ಒಂದು ಏಲಕ್ಕಿ. ಫ್ರಿಜ್ಜಿನಲ್ಲಿ ಮೂರು ದಿನ.

ಪಥ್ಯದ ಅಕ್ಕ
ಮಾಡುವ ಕ್ರಮ ಸರಿ ಇದೆ. ಮಗಳು ತಂದ ಮೂರರಲ್ಲಿ ಪ್ರೋಟೀನಿನಲ್ಲಿ ಹಸುವಿನ ಹಾಲಿಗೆ ಹತ್ತಿರ ಬರುವುದು ಸೋಯಾ ಒಂದೇ. ಎರಡರಲ್ಲೂ 100 ಮಿಲಿಗೆ ಮೂರು ಗ್ರಾಮಿನ ಆಸುಪಾಸು. ಬಾದಾಮಿಯದ್ದರಲ್ಲಿ ಅರ್ಧ ಗ್ರಾಮ್ ಅಷ್ಟೇ. ಆದರೆ ಮನೆಯಲ್ಲಿ ಮಾಡಿದ ಸೋಯಾದಲ್ಲಿ ಕ್ಯಾಲ್ಸಿಯಂ ಕಮ್ಮಿ, ಬಿ12 ಸೊನ್ನೆ. ಮಗಳ ವಿಷಯದಲ್ಲಿ ನನಗೆ ಚಿಂತೆ ಇರುವುದು ಇಲ್ಲಿಯೇ.

ಮೊದಲು ಕ್ಯಾಲ್ಸಿಯಂ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಮ್ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. 200 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 240. ಹಾಲು ಬಿಟ್ಟರೆ ಅಷ್ಟನ್ನು ಬೇರೆ ಕಡೆಯಿಂದ ತರಬೇಕು. ರಾಗಿ 100 ಗ್ರಾಮಿಗೆ 360ರ ಆಸುಪಾಸು. ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಒಂದು ಪಾಲು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿದರೆ ಆ ಕಾಟ ಕಮ್ಮಿ. ಎಳ್ಳಿನಲ್ಲಿ 1000ಕ್ಕೂ ಮೇಲೆ ಇದೆ, ಆದರೆ ಯಾರೂ 100 ಗ್ರಾಮ್ ಎಳ್ಳು ತಿನ್ನುವುದಿಲ್ಲ. ದಿನಾ ಅಕ್ಕಿ ಒಟ್ಟಿ (ರೊಟ್ಟಿ) ಜೊತೆ ಎರಡು ಚಮಚ ಎಳ್ಳು ಪಜ್ಜಿ (ಚಟ್ನಿ) ತಿಂದರೂ ಒಳ್ಳೆಯದು. ನುಗ್ಗೆ ಸೊಪ್ಪು ಮರೆಯಬೇಡಿ. ಕೆಸುವಿನ ಸೊಪ್ಪು, ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ ಅಂತ ಪಟ್ಟಿಯಲ್ಲಿ ಕಾಣುತ್ತದೆ, ಆಕ್ಸಲೇಟ್ ಜಾಸ್ತಿ ಇರುವುದರಿಂದ ಮೈಗೆ ಸೇರುವುದು ಅಲ್ಪ. ಪ್ಯಾಕೆಟ್ ಕೊಳ್ಳುವುದಾದರೆ ಕ್ಯಾಲ್ಸಿಯಂ ಸೇರಿಸಿದ್ದು, ಸಕ್ಕರೆ ಹಾಕದ್ದು ನೋಡಿ. ಚೆನ್ನಾಗಿ ಅಲುಗಾಡಿಸಿ ಬಗ್ಗಿಸಿ, ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ. ಅಂಗಡಿಯಲ್ಲಿ ಮುಂದುಗಡೆ ‘ಮಿಲ್ಕ್’ ಅಂತ ಹುಡುಕಬೇಡಿ, ಗಿಡದ್ದಕ್ಕೆ ಹಾಗೆ ಬರೆಯಬಾರದು ಅಂತ ನಿಯಮ. ಡ್ರಿಂಕ್, ಬೆವರೇಜ್ ಅಂತ ಇರುತ್ತದೆ.

ಇನ್ನು ಬಿ12. ರಾಗಿ, ಸೊಪ್ಪು, ಸೋಯಾ ಏನು ತಿಂದರೂ ಅದು ಸಿಗುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹಾಲು ಬಿಟ್ಟರೂ ಮೊಟ್ಟೆ, ಮೀನು, ಹಂದಿ, ಕೋಳಿಯಿಂದ ಬರುತ್ತದೆ. ಮಾವನಿಗೆ ಹಾಗಾಗಿ ಭಯ ಇಲ್ಲ. ಮಗಳು ಎಲ್ಲವನ್ನೂ ಒಟ್ಟಿಗೆ ಬಿಟ್ಟಿದ್ದಾಳೆ. ಲಿವರ್‌ನಲ್ಲಿ ಕೂಡಿಟ್ಟದ್ದು ಒಂದೆರಡು ವರ್ಷಕ್ಕೂ ಮೇಲೆ ಬರುತ್ತದೆ, ಹಾಗಾಗಿ ಈಗ ಏನೂ ಗೊತ್ತಾಗುವುದಿಲ್ಲ. ಆಮೇಲೆ ಸುಸ್ತು, ಕೈಕಾಲು ಜುಮುಜುಮು, ಮರೆವು. ಸೊಪ್ಪು ಜಾಸ್ತಿ ತಿನ್ನುವವರಿಗೆ ಫೋಲಿಕ್ ಆಮ್ಲ ಚೆನ್ನಾಗಿ ಸಿಗುವುದರಿಂದ ರಕ್ತ ಪರೀಕ್ಷೆಯಲ್ಲಿ ರಕ್ತಹೀನತೆ ಕಾಣದೆ ನರದ ತೊಂದರೆ ಒಳಗೇ ಬೆಳೆಯಬಹುದು. ಬಿ12 ಮಾತ್ರೆ ಅಗ್ಗ. ವೀಗನ್ ಆಗುವುದಕ್ಕೆ ನನ್ನ ಅಡ್ಡಿ ಇಲ್ಲ, ಮಾತ್ರೆ ಮಾತ್ರ ಬಿಡುವ ಹಾಗಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲೇ ಇಲ್ಲ. ವಿಟಮಿನ್ ಡಿ ಇಲ್ಲದೆ ಕ್ಯಾಲ್ಸಿಯಂ ತಿಂದೂ ಪ್ರಯೋಜನ ಕಮ್ಮಿ. ಹಸುವಿನ ಹಾಲಿನ ಪ್ಯಾಕೆಟ್ ಮೇಲೆ ಪ್ಲಸ್ ಎಫ್ (ವಿಟಮಿನ್ ಸೇರಿಸಿದ್ದು ಅನ್ನುವ) ಗುರುತು ಇದೆಯಾ, ಸೋಯಾದ್ದಾದರೆ ಹಿಂದಿನ ಕೋಷ್ಟಕದಲ್ಲಿ ವಿಟಮಿನ್ ಡಿ ಇದೆಯಾ ನೋಡಿ.

ಮಳೆಗಾಲದ ಕೊಡೆ
ಬಿಸಿಲು ಇಲ್ಲ ಅಂದಿದ್ದಕ್ಕೆ ನನ್ನ ಪೂರ್ಣ ಬೆಂಬಲ. 🌧️

ಕಕ್ಕಬ್ಬೆ ಹೋಂಸ್ಟೇ
ನನಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ವಾರಾಂತ್ಯಕ್ಕೆ ಬರುವ ಅತಿಥಿಗಳಲ್ಲಿ ವೀಗನ್ ಅನ್ನುವವರು ಒಬ್ಬರಾದರೂ ಇರುತ್ತಾರೆ. ಮೊದಲು ಓಟ್ಸ್ ಹಾಲು ತಂದಿಡುತ್ತಿದ್ದೆ, ಒಬ್ಬರಿಗೆ ಅಂತ ತೆರೆದ ಪ್ಯಾಕೆಟ್ ನಾಲ್ಕು ದಿನದಲ್ಲಿ ಕೆಟ್ಟು ಹೋಗುತ್ತದೆ. ಈಗ ತರುವುದಿಲ್ಲ. ಕಡಂಬುಟ್ಟು (ಅಕ್ಕಿ ಕಡುಬು), ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ಒಟ್ಟಿ ಇವುಗಳಲ್ಲಿ ಹಾಲೇ ಇಲ್ಲ. ನೂಲ್‌ಪುಟ್ಟಿಗೆ ಬೆಲ್ಲ ಹಾಕಿದ ತೆಂಗಿನ ಹಾಲು ಕೊಟ್ಟರೆ ತಟ್ಟೆ ಖಾಲಿ. ಪಾಪುಟ್ಟಿಗೆ (ಹಬೆಯಲ್ಲಿ ಬೇಯಿಸುವ ಅಕ್ಕಿ ತರಿಯ ತಿಂಡಿ) ಮಾತ್ರ ಹಾಲು ಬೀಳುತ್ತದೆ, ಅದಕ್ಕೆ ಎರಡನೇ ಸಲ ಹಿಂಡಿದ ತೆಳು ತೆಂಗಿನ ಹಾಲು ಹಾಕಿ ಬೇಯಿಸುತ್ತೇನೆ. ಸ್ವಲ್ಪ ಭಾರ ಅನ್ನಿಸುತ್ತದೆ, ಆದರೆ ಯಾರೂ ಬೇಡ ಅಂದಿಲ್ಲ. ಆಗಸ್ಟ್ 3ರ ಆಸುಪಾಸಿನಲ್ಲಿ ಬಂದವರಿಗೆ ಮದ್ದು ಸೊಪ್ಪಿನ ಪಾಯಸ. ಅದಕ್ಕೂ ತೆಂಗೇ.

ಗಮನಿಸಬೇಕಾದದ್ದು ಎರಡು. ಒಟ್ಟಿ ಮೇಲೆ ಬೆಣ್ಣೆ ಹಾಕುವ ಅಭ್ಯಾಸ ಅಡುಗೆಯವರಿಗೆ ಕೈಯಲ್ಲೇ ಇರುತ್ತದೆ, ಮೊದಲೇ ಹೇಳಬೇಕು. ಕೊಡಗಿನ ಜೇನು ಅಂತ ಪ್ರೀತಿಯಿಂದ ಕೊಡಲು ಹೋದರೆ ಅದನ್ನೂ ಬೇಡ ಅನ್ನುತ್ತಾರೆ, ಬೇಜಾರು ಮಾಡಿಕೊಳ್ಳಬಾರದು.

ಕಾಫಿಗೆ ಏನು ಮಾಡುತ್ತೀರಿ ಅಂತ ಕೇಳಿದರೆ, ಬೆಲ್ಲ ಕಾಫಿ. ಹಾಲು ಕುಡಿಯುವವರೂ ಅದನ್ನೇ ಎರಡನೇ ಸಲ ಕೇಳುತ್ತಾರೆ.

ನಾಪೋಕ್ಲು ನೆರೆಮನೆ
ತೆಂಗಿನ ಹಾಲನ್ನು ದಿನಾ ಹಾಲಿನ ಬದಲು ಕುಡಿಯಬಹುದಾ ಹಾಗಾದರೆ? ನಮ್ಮಲ್ಲಿ ತೆಂಗು ಬೇಕಾದಷ್ಟಿದೆ.

ಪಥ್ಯದ ಅಕ್ಕ
ಅಡುಗೆಗೆ ಹಾಕಿ, ಲೋಟಕ್ಕೆ ಬೇಡ. ಕೊಬ್ಬು ಜಾಸ್ತಿ, ಅದೂ ಗಟ್ಟಿ (ಸ್ಯಾಚುರೇಟೆಡ್) ಕೊಬ್ಬು. ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಹೇಳಿಕೊಳ್ಳುವಷ್ಟಿಲ್ಲ.

ಸುಂಟಿಕೊಪ್ಪ ಸೊಸೆ
ಎಲ್ಲ ಓದಿದೆ, ಅತ್ತೆಗೂ ಓದಿ ಹೇಳಿದೆ. ಮಗುವಿನ ಮಾತು ಅಲ್ಲಿಗೇ ನಿಂತಿತು, ನಾದಿನಿಗೆ ನೆಮ್ಮದಿ. ಮಾವನಿಗೆ ತಿಂಡಿ ಆದ ಮೇಲೆ ಚಿಕ್ಕ ಲೋಟ, ಮಧ್ಯಾಹ್ನ ಮಜ್ಜಿಗೆ. ಬೆಳಿಗ್ಗೆ ಬರೀ ಡಿಕಾಕ್ಷನ್ ಅಂದರೆ ಮುಖ ಸಿಂಡರಿಸುತ್ತಾರೆ, ನೋಡೋಣ. ಮಗಳು ಸೋಯಾ ಕಾಳು ನೆನೆಸಿದ್ದಾಳೆ. ಬಿ12 ಮಾತ್ರೆ ತಗೊಳ್ಳಲು ಒಪ್ಪಿದಳು, ಎಳ್ಳು ಪಜ್ಜಿ ದಿನಾ ನಾನೇ ಮಾಡಬೇಕಂತೆ. ಬಾದಾಮಿ ಪ್ಯಾಕೆಟ್ ಹಾಗೇ ಇದೆ, ಯಾರೂ ಮುಟ್ಟುತ್ತಿಲ್ಲ.

ಒಂದು ಕೊನೆಯ ಪ್ರಶ್ನೆ. ಸೋಯಾ ಹಿಂಡಿ ಉಳಿದ ಚರಟ ಒಂದು ಪಾತ್ರೆ ತುಂಬ ಇದೆ. ಎಸೆಯಲು ಮನಸ್ಸಿಲ್ಲ. ಏನು ಮಾಡಲಿ?

ಬೆಂಗಳೂರಲ್ಲಿರೋ ಕೊಡಗಿನವ
ಈರುಳ್ಳಿ, ಹಸಿಮೆಣಸು, ಅಕ್ಕಿಹಿಟ್ಟು ಸೇರಿಸಿ ವಡೆ ತಟ್ಟಿ. ಚೆನ್ನಾಗಿ ಬೇಯಬೇಕು, ಅದು ಇನ್ನೂ ಹಸಿಯೇ.

ಗೋಣಿಕೊಪ್ಪ ಗೋಪಾಲಕ
ವಡೆ ಮಾಡಿ ಮಿಕ್ಕಿದ್ದನ್ನು ಅಕ್ಕಪಕ್ಕದಲ್ಲಿ ಹಸು ಇರುವವರಿಗೆ ಕೊಡಿ ಅಕ್ಕ. ಬೂಸಾ ಜೊತೆ ಬೆರೆಸಿದರೆ ಚೆನ್ನಾಗಿ ತಿನ್ನುತ್ತದೆ. ಅವತ್ತಿನದ್ದು ಅವತ್ತೇ ಕೊಡಿ, ಹುಳಿ ಬಂದದ್ದು ಬೇಡ. ಮೊದಲ ದಿನ ಒಂದು ಹಿಡಿ ಸಾಕು.